ಬೆಳ್ಳಿತೆರೆಯ ಮೇಲಿನ ಸಿದ್ದಿ

ಬಿಜಾಪುರದ ಆದಿಲಶಾಹಿ ಆಸ್ಥಾನದ ಚಿತ್ರಕಾರರು ಹದಿನೇಳನೆಯ ಶತಮಾನದ ನಡುವಿನಲ್ಲಿ ಬರೆದ ಕೆಲವು ಚಿತ್ರಪಟಗಳಲ್ಲಿ ಕಪ್ಪು ಬಣ್ಣದ ಪುರುಷನೊಬ್ಬನು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಅವನು ಇಖ್ಲಾಸ್ ಖಾನ. ಆಫ್ರಿಕ ಮೂಲದವನು, ಆ ಕಾಲದ ಮಾತಿನಲ್ಲಿ ಹಬಶಿ. ಮುಹಮ್ಮದ್ ಆದಿಲಶಾಹನ (1627-1656) ಮಂತ್ರಿ ಮತ್ತು ಸೇನಾನಿ. ಒಂದು ಪಟದಲ್ಲಿ ಸುಲ್ತಾನನೊಡನೆ ಒಂದೇ ಆನೆಯ ಮೇಲೆ ಕುಳಿತಿದ್ದಾನೆ. ಈಗ ಅಮೆರಿಕದ ಸಾನ್ ಡಿಯಾಗೊ ಕಲಾಸಂಗ್ರಹಾಲಯದಲ್ಲಿರುವ ಇನ್ನೊಂದು ಪಟದಲ್ಲಿ ಅರ್ಜಿಯ ಕಾಗದವನ್ನು ಕೈಯಲ್ಲಿ ಹಿಡಿದಿದ್ದಾನೆ. ಚಿತ್ರಕಾರನು ಅವನ ಮೈಬಣ್ಣವನ್ನು ತಿಳಿಗೊಳಿಸಲಿಲ್ಲ. ಮುಖವನ್ನು ವಿಕಾರಗೊಳಿಸಿ ನಗೆಯಾಡಲೂ ಇಲ್ಲ. ದಿನವೂ ಕಣ್ಣಿಗೆ ಬೀಳುತ್ತಿದ್ದ ಅಧಿಕಾರವಂತನೊಬ್ಬನನ್ನು ಇದ್ದಂತೆಯೇ ಬರೆದನು.

ಮಂತ್ರಿಯನ್ನು ಅಪಹಾಸ್ಯ ಮಾಡಿ ಬರೆಯುವ ಧೈರ್ಯ ಯಾವ ಆಸ್ಥಾನ ಚಿತ್ರಕಾರನಿಗೆ ಇದ್ದೀತು ಎಂದು ಓದುಗರು ಕೇಳಬಹುದು. ಕೇಳಲಿ. ನಾನು ಹೇಳಹೊರಟಿರುವುದೂ ಅದನ್ನೇ. ಒಬ್ಬ ಮನುಷ್ಯನ ಚಿತ್ರ ಹೇಗೆ ಮೂಡುತ್ತದೆಂಬುದು ಅವನ ಕೈಯಲ್ಲಿ ಎಷ್ಟು ಬಲವಿದೆಯೆಂಬುದನ್ನು ಅವಲಂಬಿಸಿದೆ. ಆ ಬಲ ಹೋದ ಮೇಲೆ ಏನಾಗುವುದೆಂಬುದನ್ನು ನೋಡಬೇಕಾದರೆ ನಮ್ಮ ಸಿನಿಮಾದ ಕಡೆಗೆ ತಿರುಗಬೇಕು.

1983ರಲ್ಲಿ ಕಮಾಲ್ ಅಮ್ರೋಹಿಯವರ ‘ರಜಿಯಾ ಸುಲ್ತಾನ್’ ಎಂಬ ಹಿಂದಿ ಚಿತ್ರ ತೆರೆಗೆ ಬಂದಿತು. ದೆಹಲಿಯ ಸಿಂಹಾಸನವೇರಿದ ರಜಿಯಾಳ ಅಶ್ವಶಾಲೆಯ ಅಧಿಕಾರಿಯಾಗಿದ್ದ ಯಾಕೂತನು ಹಬಶಿ ಎಂದು ಇತಿಹಾಸವೇ ಹೇಳುತ್ತದೆ. ಆ ಪಾತ್ರಕ್ಕೆ ಬಂದವರು ಪಂಜಾಬಿನ ಧರ್ಮೇಂದ್ರ. ಅವರ ಮುಖಕ್ಕೆ ಕಪ್ಪು ಬಣ್ಣ ಬಳಿಯಲಾಯಿತು. ಇದೇನೋ ರಾಜಮರ್ಯಾದೆಯ ಪಾತ್ರವಾಯಿತು. ಸಾಧಾರಣ ಚಿತ್ರಗಳ ಪಾಡು ಇನ್ನೂ ಕಷ್ಟ. ಕಾಡಿನ ಹಾಡು ಬಂತೆಂದರೆ ಮೈಗೆಲ್ಲ ಮಸಿ ಮೆತ್ತಿ, ಸೊಂಟಕ್ಕೆ ಸೊಪ್ಪು ಸುತ್ತಿ, ಭರ್ಜಿ ಹಿಡಿದು ಅರ್ಥವಿಲ್ಲದ ಕೂಗು ಹಾಕಿ ಕುಣಿಯುವ ತಂಡವೊಂದು ಬಂದೇ ಬರಬೇಕು. ಕಥೆ ಪಟ್ಟಣಕ್ಕೆ ಬಂದ ಮೇಲೆ ಅದೇ ಕಪ್ಪು ಮುಖಕ್ಕೆ ಮಾದಕ ವಸ್ತು ಮಾರುವ ಕಸುಬನ್ನು ಕೊಟ್ಟರು. ನನ್ನ ವಯಸ್ಸಿನವರು ದೂರದರ್ಶನದ ಭಾನುವಾರದ ಸಂಜೆಗಳಲ್ಲಿ ಇಂಥವನ್ನು ನೋಡಿ ನಕ್ಕೇ ಬೆಳೆದವರು.

ಸೋಜಿಗವೇನೆಂದರೆ, ಮಸಿಯ ಹಂಗಿಲ್ಲದ ಜನ ನಮ್ಮ ನಾಡಿನಲ್ಲಿಯೇ ಇದ್ದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡುಗಳ ಕಾಡಂಚಿನಲ್ಲಿ ಸಿದ್ದಿಗಳು ನೂರಾರು ವರ್ಷಗಳಿಂದ ನೆಲೆಸಿದ್ದಾರೆ. ಪೋರ್ತುಗೀಸರು ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದವರ ಸಂತತಿ ಅವರಲ್ಲಿ ಬಹಳ. ಹಿಂದುಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಅವರಲ್ಲುಂಟು. ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಹೊರಗೆ ಕನ್ನಡ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ಬೆಳಗಾವಿ, ಧಾರವಾಡ ಜಿಲ್ಲೆಗಳವರಿಗೆ ಇನ್ನೂ ಹೆಚ್ಚು ಕಾಲ ಕಾಯಬೇಕಾಯಿತು.

ಬಾಪೂಜಿನಗರದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಹಳಿಯಾಳದ ಕಡೆಯ ಹುಡುಗನೊಬ್ಬ ಕೆಲವು ಕಾಲ ಬಾಡಿಗೆಗಿದ್ದ. ಅಂಗಡಿಯವರು ಅವನಿಗೆ ಬೆಲೆ ಹೇಳುತ್ತಿದ್ದುದು ಇಂಗ್ಲಿಷಿನಲ್ಲಿ. “ಅಣ್ಣಾರ, ನನಗ ಕನ್ನಡಾನ ಬರ್ತೈತ್ರಿ” ಎಂದರೆ ಅಲ್ಲಿದ್ದವರಿಗೆಲ್ಲ ನಗು. ಯಾವ ದೇಶ ಎಂದು ಕೇಳುವುದು ಮಾತ್ರ ತಪ್ಪುತ್ತಿರಲಿಲ್ಲ. ನಗುವಿನಲ್ಲಿ ಮುಗಿದರೆ ಪುಣ್ಯವೆನ್ನಬೇಕು. 2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನ ವಿದ್ಯಾರ್ಥಿಯ ಕಾರಿಗೆ ಸಿಕ್ಕಿ ಹೆಂಗಸೊಬ್ಬಳು ಸತ್ತಳು. ಆ ಬಳಿಕ ಅಲ್ಲಿಗೆ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಅವಳಿಗೂ ಆ ಅಪಘಾತಕ್ಕೂ ಇದ್ದ ಸಂಬಂಧ ಮೈಬಣ್ಣವೊಂದೇ. ಕಪ್ಪು ಮುಖಗಳೆಲ್ಲ ಒಂದೇ ಎಂದು ನಮ್ಮ ಕಣ್ಣಿಗೆ ಅಭ್ಯಾಸ ಮಾಡಿಸಿದ್ದರಲ್ಲಿ ಸಿನಿಮಾದ ಪಾಲು ಇಲ್ಲವೆಂದು ನಾನು ಹೇಳಲಾರೆ.

ಸಿನಿಮಾ ಜನರ ಕೈಯನ್ನೂ ಎತ್ತಿಸಬಲ್ಲದೆಂಬುದಕ್ಕೆ ಅಮೆರಿಕದಲ್ಲಿ ದೊಡ್ಡ ನಿದರ್ಶನವಿದೆ. 1915ರಲ್ಲಿ ಡಿ. ಡಬ್ಲ್ಯು. ಗ್ರಿಫಿತ್‌ರ ‘ದಿ ಬರ್ತ್ ಆಫ್ ಎ ನೇಷನ್’ ಬಂದಿತು. ಅದರಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಪಶುಗಳಂತೆ ತೋರಿಸಿದರು. ಅಧ್ಯಕ್ಷರ ಶ್ವೇತಭವನದಲ್ಲಿಯೇ ಚಿತ್ರದ ಪ್ರದರ್ಶನವಾಯಿತು. ಅದೇ ವರ್ಷ ಕು ಕ್ಲಕ್ಸ್ ಕ್ಲಾನ್ ಎಂಬ ಹಿಂಸಾಸಂಘ ಮತ್ತೆ ತಲೆಯೆತ್ತಿತು. ಕಪ್ಪು ಜನರ ಸಂಘಗಳು ಊರೂರಲ್ಲಿ ಪ್ರತಿಭಟಿಸಿದವು. ಅಷ್ಟಕ್ಕೇ ನಿಲ್ಲದೆ ಕ್ಯಾಮರಾವನ್ನೇ ಕೈಗೆತ್ತಿಕೊಂಡವರಲ್ಲಿ ಆಸ್ಕರ್ ಮಿಷೊ ಮುಖ್ಯನು. ಹಿಂದೆ ಬೇಸಾಯಗಾರನಾಗಿದ್ದು ಆ ಬಳಿಕ ತನ್ನ ಕಾದಂಬರಿಗಳನ್ನು ಮನೆಮನೆಗೆ ಹೊತ್ತು ಮಾರುತ್ತಿದ್ದವನು ಅವನು. ಅವನ ‘ದಿ ಹೋಮ್‌ಸ್ಟೆಡರ್’ ಕಾದಂಬರಿಯನ್ನು ಚಿತ್ರ ಮಾಡಲು ಒಂದು ಕಂಪನಿ ಕೇಳಿದಾಗ, ನಿರ್ದೇಶನ ತನ್ನದೇ ಆಗಬೇಕೆಂದು ಹಟ ಹಿಡಿದ. ಅವರು ಒಪ್ಪಲಿಲ್ಲ. ಆಗ ತಾನೇ ಕಂಪನಿ ಕಟ್ಟಿ, ಪುಸ್ತಕ ಮಾರಿದ ಹಾಗೆಯೇ ರೈತರಿಗೆ ಷೇರು ಮಾರಿ, 1919ರಲ್ಲಿ ಚಿತ್ರವನ್ನು ಹೊರತಂದ. ಮರುವರ್ಷ ಬಂದ ‘ವಿದಿನ್ ಅವರ್ ಗೇಟ್ಸ್’ನಲ್ಲಿ ಗುಂಪು ಕೂಡಿ ಕಪ್ಪು ಜನರನ್ನು ನೇಣಿಗೇರಿಸುವ ಕ್ರೌರ್ಯವನ್ನು ಅದಕ್ಕೆ ಗುರಿಯಾದವರ ಕಣ್ಣಿನಿಂದ ತೋರಿಸಿದ. ಪಾತ್ರ ಕೊಡಿರೆಂದು ಕೇಳಿದವರಿಗೆ ಏನು ದೊರೆಯುತ್ತಿತ್ತೆಂಬುದಕ್ಕೆ ಹ್ಯಾಟಿ ಮೆಕ್‌ಡೇನಿಯಲ್ ಸಾಕ್ಷಿ. ‘ಗಾನ್ ವಿತ್ ದಿ ವಿಂಡ್’ನಲ್ಲಿ ದಾಸಿಯ ಪಾತ್ರ ಮಾಡಿ 1940ರಲ್ಲಿ ಆಸ್ಕರ್ ಪ್ರಶಸ್ತಿ ಪಡೆದ ಆ ಮಹಾನಟಿಯನ್ನು ಸಮಾರಂಭದಲ್ಲಿ ಸಹನಟರಿಂದ ಬೇರೆಯಾಗಿ ಒಂದು ಮೇಜಿಗೆ ಕೂರಿಸಿದ್ದರು.

ಆಫ್ರಿಕದಲ್ಲಂತೂ ಫ್ರೆಂಚ್ ಸರ್ಕಾರ 1934ರ ಆಜ್ಞೆಯಿಂದ ತನ್ನ ವಸಾಹತುಗಳಲ್ಲಿ ಚಿತ್ರ ತೆಗೆಯಲು ಅಪ್ಪಣೆ ಬೇಕೆಂದು ವಿಧಿಸಿತ್ತು. ಮಾರ್ಸೇಲ್ಸ್ ಬಂದರಿನಲ್ಲಿ ಹೊರೆ ಹೊತ್ತು ಬದುಕಿದ ಸೆನೆಗಲ್ ದೇಶದ ಉಸ್ಮಾನ್ ಸೆಂಬೆನ್ ಮೊದಲು ಕಾದಂಬರಿಕಾರನಾದ. ಓದಲು ಬಾರದ ತನ್ನ ಜನಕ್ಕೆ ಪುಸ್ತಕ ಮುಟ್ಟದೆಂದು ಕಂಡು, ಮಾಸ್ಕೋದಲ್ಲಿ ಚಿತ್ರವಿದ್ಯೆ ಕಲಿತು, 1963ರಲ್ಲಿ ಡಕಾರಿನ ಬಡ ಗಾಡಿಯವನೊಬ್ಬನ ಒಂದು ದಿನವನ್ನು ಕಿರುಚಿತ್ರ ಮಾಡಿದ.

ನಮ್ಮಲ್ಲಿ ಇಂಥ ಕೆಲಸದ ಬೀಜ ಬಿದ್ದುದು ನಾಟಕದ ಮೂಲಕ. ಕೆ. ವಿ. ಸುಬ್ಬಣ್ಣನವರು ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕಟ್ಟಿದ ನೀನಾಸಂ, ಹಳ್ಳಿಯವರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದ್ದನ್ನು ಎಲ್ಲರೂ ಬಲ್ಲರು. 1980ರ ದಶಕದಲ್ಲಿ ಅದೇ ನೀನಾಸಂ ಯಲ್ಲಾಪುರ ತಾಲೂಕಿನ ಮಂಚೀಕೇರಿಗೆ ಹೋಗಿ ಸಿದ್ದಿಗಳನ್ನು ಕೂಡಿಸಿತು. ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಅವರು ಆಡಿದ್ದು ನೈಜೀರಿಯದ ಚಿನುವಾ ಅಚೆಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಕಾದಂಬರಿಯ ರಂಗರೂಪ. ಬಿಳಿಯರ ಬರವಿನಿಂದ ಇಗ್ಬೊ ಹಳ್ಳಿಯೊಂದು ಒಡೆದುಹೋದ ಕಥೆ. ಆ ದಶಕದಲ್ಲಿಯೇ ಸರ್ಕಾರದ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟಕ್ಕೆ ತರಬೇತು ಮಾಡಲು ಕರೆದೊಯ್ದಿತ್ತು. ಅದು ಕೆಲವು ವರ್ಷ ನಡೆದು ನಿಂತಿತು. ಒಬ್ಬರು ಅವರ ಕಾಲಿನಲ್ಲಿ ಪದಕ ಕಂಡರೆ ಇನ್ನೊಬ್ಬರು ಬಾಯಲ್ಲಿ ಮಾತು ಕಂಡರು. ಆದರೂ ಒಂದು ತಕರಾರು ತೆಗೆಯಬಹುದು. ಸಿದ್ದಿಗಳ ಹಿರಿಯರಲ್ಲಿ ಹೆಚ್ಚಿನವರು ಬಂದುದು ಆಫ್ರಿಕದ ಪೂರ್ವದ ಕಡೆಯಿಂದ, ಅಚೆಬೆಯವರ ಊರು ಪಶ್ಚಿಮದಲ್ಲಿ. ಕಥೆಯನ್ನು ಆರಿಸಿಕೊಟ್ಟವರೂ ಹೊರಗಿನವರೇ. ತಕರಾರು ನಿಜ. ಆದರೆ ಮುಖಕ್ಕೆ ಮಸಿಯಿಲ್ಲದೆ, ಯಾರ ನಗೆಗೂ ಗುರಿಯಾಗದೆ, ಕನ್ನಡ ರಂಗದ ನಡುವೆ ಸಿದ್ದಿ ನಿಂತನೆಂಬುದು ಅದಕ್ಕಿಂತ ದೊಡ್ಡ ನಿಜ.

ಆ ದಾರಿಯಲ್ಲಿಯೇ ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿ ಮೊದಲಾದವರು ರಂಗಭೂಮಿಯಿಂದ ಬೆಳ್ಳಿತೆರೆಗೆ ಬಂದರು. ಯೋಗರಾಜ ಭಟ್ಟರ ‘ಪರಮಾತ್ಮ’ (2011) ಮೊದಲಾದ ಚಿತ್ರಗಳಲ್ಲಿ ಪ್ರಶಾಂತರನ್ನು ಕಂಡವರು ಅವರ ಕೊಂಕು ಹಾಸ್ಯವನ್ನು ಮರೆಯಲಾರರು. ಇಂಥ ನಟರನ್ನು ನಾಯಕನ ಪಕ್ಕದ ಹಾಸ್ಯಕ್ಕೇ ಕಟ್ಟಿಹಾಕುವುದು ನಮ್ಮ ಚಿತ್ರೋದ್ಯಮದ ಸೋಮಾರಿತನವೆಂದು ನನ್ನ ಎಣಿಕೆ. 2021ರ ‘ಸಲಗ’ದಲ್ಲಿ ಸಿದ್ದಿಗಳ ಹಾಡೊಂದು ಬಂದಿತು. ಹಾಡಿದವರೂ ಸಿದ್ದಿಗಳೇ, ಊರೆಲ್ಲ ಅದಕ್ಕೆ ಕುಣಿಯಿತು. ಹಾಡಿನ ಆಚೆಗಿನ ಕಥೆ ಮಾತ್ರ ಬೇರೆಯವರದು.

2024ರಲ್ಲಿ ‘ರಿದಮ್ ಆಫ್ ದಮ್ಮಾಮ್’ ಬಂದಿತು. ತಾತನನ್ನು ಕಳೆದುಕೊಂಡ ಸಿದ್ದಿ ಹುಡುಗನ ಕಥೆ ಅದು. ದಮ್ಮಾಮ್ ಎಂಬುದು ಸಿದ್ದಿಗಳ ವಾದ್ಯ. ನಟರು ಸಿದ್ದಿಗಳು, ಮಾತೂ ಅವರದೇ. ಗೋವೆಯ ಮತ್ತು ತಿರುವನಂತಪುರದ ಚಿತ್ರೋತ್ಸವಗಳಲ್ಲಿ ಅದು ಪ್ರದರ್ಶಿತವಾಯಿತು. ನಿರ್ದೇಶಕರು ಮಲೆಯಾಳಿಗಳಾದ ಜಯನ್ ಚೆರಿಯಾನ್. ಅವರ ಶ್ರದ್ಧೆಯನ್ನು ಮೆಚ್ಚಬೇಕು. ಮಂಚೀಕೇರಿಯಲ್ಲಿ ಜಂಬೆಯವರು, ಇಲ್ಲಿ ಚೆರಿಯಾನರು. ನಡುವೆ ಸುಮಾರು ನಲವತ್ತು ವರ್ಷ.

2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಸಿದ್ದಿಗಳ ಸಂಖ್ಯೆ ಹತ್ತು ಸಾವಿರದ ಆಸುಪಾಸು. ಇಷ್ಟು ಚಿಕ್ಕ ಸಮುದಾಯದ ಟಿಕೆಟಿನ ಹಣದಿಂದ ಒಂದು ಚಿತ್ರದ ಖರ್ಚು ಹುಟ್ಟದು. ರಾಜ್ಯ ಚಲನಚಿತ್ರ ಪ್ರಶಸ್ತಿಗಳಲ್ಲಿ ತುಳು, ಕೊಡವ, ಕೊಂಕಣಿಯಂಥ ನಾಡಿನ ಇತರ ನುಡಿಗಳ ಚಿತ್ರಕ್ಕೆ ಸ್ಥಾನವುಂಟು. ಸಿದ್ದಿಗಳ ಕೊಂಕಣಿಗೂ ಆ ಬಾಗಿಲು ತೆರೆದಿರಬೇಕು. ಬೆಂಗಳೂರಿನ ಚಿತ್ರೋತ್ಸವದಲ್ಲಿ ಇರಾನಿನ ಚಿತ್ರಕ್ಕೆ ಸರತಿಯಲ್ಲಿ ನಿಲ್ಲುವ ನಾವು ಯಲ್ಲಾಪುರದ ಚಿತ್ರಕ್ಕೂ ನಿಂತೇವು. ಆದರೆ ಪ್ರಶಸ್ತಿಯೂ ಸರತಿಯೂ ಚಿತ್ರ ಮುಗಿದ ಮೇಲಿನ ಮಾತು. ಕ್ಯಾಮರಾದ ಬಾಡಿಗೆ, ಸಂಕಲನದ ಖರ್ಚು, ಮೂವತ್ತು ದಿನ ಇಪ್ಪತ್ತು ಜನರ ಊಟ ಮೊದಲೇ ಹುಟ್ಟಬೇಕು. ಮಿಷೊ ಷೇರು ಮಾರಲು ಹೋದದ್ದು ಅಯೋವಾ ರಾಜ್ಯದ ಸೂ ಸಿಟಿಯ ಸುತ್ತಿನ ಬಿಳಿಯ ರೈತರ ಬಳಿಗೆ. ಅವರಲ್ಲಿ ಹಲವರು ಕೊಂಡರು.