ಕೊಟ್ಟಿಗೆಯಿಂದ ಕಾಡಿಗೆ ಬಂದ ವೀರ್ಯದ ಕಡ್ಡಿ

ನಮ್ಮ ಮೂಡಿಗೆರೆ ಕಡೆ ಯಾರ ಮನೆ ಹಸು ಬೆದೆಗೆ ಬಂದರೂ ಮೊದಲು ಫೋನ್ ಹೋಗುವುದು ಪಶು ಆಸ್ಪತ್ರೆಗೆ. ಡಾಕ್ಟರು ಹೊಗೆಯಾಡುವ ನೈಟ್ರೋಜನ್ ಕ್ಯಾನಿನಿಂದ ತೆಳ್ಳನೆಯ ಕಡ್ಡಿಯೊಂದನ್ನು ತೆಗೆದು ಉಗುರುಬೆಚ್ಚಗಿನ ನೀರಿಗೆ ಹಾಕುವುದನ್ನು ನೀವೂ ನೋಡಿದ್ದೀರಿ. ಅಂಥದೇ ಕ್ಯಾನಿನಲ್ಲಿ ಈಗ ಕಾಡುಪ್ರಾಣಿಗಳ ವೀರ್ಯವನ್ನೂ ಕಾಪಿಡುತ್ತಾರೆ. ಕೊಟ್ಟಿಗೆಯ ಈ ವಿದ್ಯೆ ಜಿಂಕೆಯವರೆಗೆ ಹೋದ ದಾರಿ ನಮ್ಮ ರಾಜ್ಯದಲ್ಲೇ ಶುರುವಾಗುತ್ತದೆ.

1939ರಲ್ಲಿ ಮೈಸೂರಿನ ಅರಮನೆ ಡೈರಿ ಫಾರ್ಮಿನಲ್ಲಿ ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹಾಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯ ಕೊಟ್ಟು ಗಬ್ಬ ಕಟ್ಟಿಸಿದರು. ಭಾರತದಲ್ಲಿ ಕೃತಕ ಗರ್ಭಧಾರಣೆ ಶುರುವಾದದ್ದು ಹೀಗೆ. ಆದರೆ ಆಗ ವೀರ್ಯವನ್ನು ಬಹುಕಾಲ ಇಡಲು ಆಗುತ್ತಿರಲಿಲ್ಲ. ಹೆಪ್ಪುಗಟ್ಟಿಸಿದರೆ ಒಳಗಿನ ನೀರು ಮಂಜಿನ ಹರಳಾಗಿ ವೀರ್ಯಾಣುಗಳನ್ನು ಕೊಲ್ಲುತ್ತಿತ್ತು.

ದಾರಿ ತೆರೆದದ್ದು ಒಂದು ಎಡವಟ್ಟು. ಲಂಡನ್ನಿನಲ್ಲಿ ಕ್ರಿಸ್ಟೋಫರ್ ಪೋಲ್ಜ್ ಮತ್ತು ಜೊತೆಗಾರರು ಹುಂಜದ ವೀರ್ಯವನ್ನು ಸಕ್ಕರೆ ದ್ರಾವಣದಲ್ಲಿ ಹೆಪ್ಪುಗಟ್ಟಿಸಲು ನೋಡುತ್ತಿದ್ದರು. ಬಾಟಲಿಗಳ ಚೀಟಿ ಅದಲುಬದಲಾಗಿ ಕೈಗೆ ಸಿಕ್ಕಿದ್ದು ಗ್ಲಿಸರಿನ್ ಇದ್ದ ಬಾಟಲಿ. ವೀರ್ಯಾಣುಗಳು ಬದುಕುಳಿದವು! 1949ರಲ್ಲಿ ಈ ಸಂಗತಿ ಪ್ರಕಟವಾಯಿತು. ಮುಂದೆ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಬಂದು, ವರ್ಷಗಟ್ಟಲೆ ಕಾಪಿಡುವುದು ಸಲೀಸಾಯಿತು. 1969ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ತಯಾರಿಕೆ ಮತ್ತು ತರಬೇತಿಯ ಕೇಂದ್ರ ಸಂಸ್ಥೆ ತಲೆಯೆತ್ತಿತು.

ಕಾಡುಪ್ರಾಣಿಯ ವಿಷಯ ಹಸುವಿನಷ್ಟು ಸುಲಭವಲ್ಲ. ಹೋರಿಯನ್ನು ಪಳಗಿಸಬಹುದು, ಜಿಂಕೆ ಮುಟ್ಟಿದರೇ ಬೆದರಿ ಸಾಯಬಹುದು. ಅದಕ್ಕೆ ಅರಿವಳಿಕೆ ಕೊಟ್ಟು, ಸಣ್ಣ ವಿದ್ಯುತ್ ಪ್ರಚೋದನೆಯಿಂದ ವೀರ್ಯ ತೆಗೆಯಬೇಕು. ಗಂಡಿನ ಕೊಂಬು ಬಲಿತು ಗಟ್ಟಿಯಾದ ಕಾಲದಲ್ಲಿ ವೀರ್ಯ ಚೆನ್ನಾಗಿರುತ್ತದೆ. ಆಗಷ್ಟೇ ಸತ್ತ ಪ್ರಾಣಿಯ ವೃಷಣದಿಂದಲೂ ಕೆಲವು ಗಂಟೆಯೊಳಗಾದರೆ ಜೀವಂತ ವೀರ್ಯಾಣು ಸಿಗುತ್ತದೆ.

ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯಲ್ಲಿ ಡಾ. ಲಾಲ್ಜಿ ಸಿಂಗ್, ಡಾ. ಎಸ್. ಶಿವಾಜಿ ಮುಂತಾದವರು ಈ ಕೆಲಸಕ್ಕೆಂದೇ ಲಾಕೋನ್ಸ್ ಎಂಬ ಪ್ರಯೋಗಾಲಯ ಕಟ್ಟಿದರು. 2006ರಲ್ಲಿ ಅಲ್ಲಿ ಕೃತಕ ಗರ್ಭಧಾರಣೆಯಿಂದ ಚುಕ್ಕೆ ಜಿಂಕೆಯ ಮರಿ ಹುಟ್ಟಿತು. ಹೆಸರು ಸ್ಪಾಟಿ. ಮರುವರ್ಷ ಕೃಷ್ಣಮೃಗದ ಮರಿಯೂ ಹುಟ್ಟಿತು.

ನಮ್ಮಲ್ಲಿ ಜಿಂಕೆ, ಕಡವೆ, ಕಾಡುಕುರಿ ಇವೆಯಲ್ಲ, ಇದೆಲ್ಲ ಏಕೆ ಎಂದು ಕೇಳಬಹುದು. ಮಣಿಪುರದ ಸಂಗಾಯ್ ಜಿಂಕೆಯನ್ನು ನೋಡಿ. 1975ರ ಎಣಿಕೆಯಲ್ಲಿ ಉಳಿದಿದ್ದದ್ದು ಬರೀ 14. ಅಷ್ಟೇ ಪ್ರಾಣಿಗಳು ತಮ್ಮತಮ್ಮಲ್ಲೇ ಕೂಡಿದರೆ ರಕ್ತಸಂಬಂಧ ಬಿಗಿಯಾಗಿ ಸಂತತಿ ಸೊರಗುತ್ತದೆ. ಬೇರೆ ಗಂಡಿನ ವೀರ್ಯ ಕಾಪಿಟ್ಟಿದ್ದರೆ ಹೊಸ ರಕ್ತ ತುಂಬಬಹುದು.

ಆದರೆ ಕಡ್ಡಿಗೆ ತನ್ನದೇ ಬುದ್ಧಿಯಿಲ್ಲ. ನಮ್ಮ ಕೊಟ್ಟಿಗೆಗೆ ಜರ್ಸಿ, ಎಚ್‌ಎಫ್ ತಂದದ್ದೂ ಅದೇ ಕಡ್ಡಿ. ಹಾಲು ಹೆಚ್ಚಿತು, ಮಲೆನಾಡು ಗಿಡ್ಡ ಕಡಿಮೆಯಾಯಿತು. ಯಾವ ತಳಿ ಉಳಿಯಬೇಕೆಂದು ಆರಿಸಿದ್ದು ನಾವು.

ಇನ್ನೊಂದು ಮಾತು. ನಮ್ಮ ಕಾಡಿನ ಬರ್ಕ ಜಿಂಕೆಯ ದೂರದ ನೆಂಟ, ಮೊಲಕ್ಕಿಂತ ಸ್ವಲ್ಪ ದೊಡ್ಡದು. ಹೈದರಾಬಾದ್ ಮೃಗಾಲಯದಲ್ಲಿ ಲಾಕೋನ್ಸ್ ಜೊತೆಗೂಡಿ ಅದರ ಸಂತತಿ ಬೆಳೆಸಿ, 2017ರಲ್ಲಿ ತೆಲಂಗಾಣದ ಅಮ್ರಾಬಾದ್ ಕಾಡಿಗೆ ಬಿಟ್ಟರು. ಬಿಡಲು ಅಲ್ಲಿ ಕಾಡು ಉಳಿದಿತ್ತು, ಅದಕ್ಕೇ ಬಿಟ್ಟರು.

ಕುದುರೆಮುಖದ ಗಣಿ ಸುಪ್ರೀಂ ಕೋರ್ಟ್ ಆದೇಶದಂತೆ ನಿಂತದ್ದು 2005ರ ಕೊನೆಗೆ. ಅದರ ಬೆನ್ನಿಗೇ ಸ್ಪಾಟಿ ಹುಟ್ಟಿತು. ಎರಡನ್ನೂ ನಾವು ಒಂದೇ ಚರಿತ್ರೆಯಾಗಿ ಓದುತ್ತೇವೆ. ಬಿತ್ತನೆ ಭತ್ತವನ್ನು ಕಣಜದಲ್ಲಿಟ್ಟು ಗದ್ದೆ ಮಾರಿಕೊಂಡರೆ ಏನು ಪ್ರಯೋಜನ? ಕಾಪಿಟ್ಟ ವೀರ್ಯ ಬಿತ್ತನೆ ಭತ್ತದ ಹಾಗೆ, ಗದ್ದೆ ನಮ್ಮ ಕಾಡು.