ಮನೆಗೂ ಲೋಕಕ್ಕೂ ನಡುವಿನ ನೆಲೆ: ಕಲ್ಯಾಣ, ಹುಮನಾಬಾದ್ ಸೀಮೆ ಹರೆಯದವರನ್ನು ಬೆಳೆಸಿದ ಬಗೆ

ಹದಿನಾರು ಹದಿನೆಂಟರ ಮಕ್ಕಳು ಓದಿಗೋ ದುಡಿಮೆಗೋ ಮನೆ ಬಿಟ್ಟು ಹೊರಡುವುದು ಬಸವಕಲ್ಯಾಣ, ಹುಮನಾಬಾದ್ ಸೀಮೆಗೆ ಹೊಸ ಸಂಗತಿಯಲ್ಲ. ಸುಮಾರು ಒಂಬೈನೂರು ವರ್ಷಗಳಿಂದ ಇಲ್ಲಿಗೆ ಹೊರಗಿನ ತರುಣರು ಬಂದಿದ್ದಾರೆ, ಇಲ್ಲಿಯ ತರುಣರು ಹೊರಗೆ ಹೋಗಿದ್ದಾರೆ. ಹಾಗೆ ಹೊರಟವರು ಮನೆಯ ಅಂಗಳದಿಂದ ನೇರವಾಗಿ ಲೋಕಕ್ಕೆ ಬೀಳಲಿಲ್ಲ. ನಡುವೆ ಮೂರನೆಯ ಒಂದು ನೆಲೆ ಇರುತ್ತಿತ್ತು. ಕುಶಲಕರ್ಮಿ ಗುರುವಿನ ಮನೆ, ಶರಣರ ಕೂಟ, ವಾರಕ್ಕೊಂದು ದಿನ ಅನ್ನವಿಡುವ ಗೃಹಸ್ಥರ ಪಡಸಾಲೆ, ಮಠದ ಪ್ರಸಾದ ನಿಲಯ, ಈಚಿನ ಹಾಸ್ಟೆಲು, ಹೀಗೆ ಕಾಲಕ್ಕೆ ತಕ್ಕಂತೆ ಅದರ ರೂಪ ಬದಲಾಯಿತು. ಎಳೆಯರು ಸೋಲನ್ನು, ಅವಮಾನವನ್ನು, ಒಂಟಿತನವನ್ನು ತಾಳಿಕೊಳ್ಳುವುದನ್ನು ಕಲಿತದ್ದು ಬಹುಮಟ್ಟಿಗೆ ಈ ನಡುವಿನ ನೆಲೆಯಲ್ಲಿ.

ಚಾಲುಕ್ಯರ ಒಂದನೆಯ ಸೋಮೇಶ್ವರ 11ನೆಯ ಶತಮಾನದ ನಡುಭಾಗದಲ್ಲಿ ಕಲ್ಯಾಣವನ್ನು, ಎಂದರೆ ಇಂದಿನ ಬಸವಕಲ್ಯಾಣವನ್ನು, ರಾಜಧಾನಿಯಾಗಿ ಬೆಳೆಸಿದ. ಅವನ ಮಗ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿದ್ಯಾವಂತ ತರುಣರಿಗೆ ಈ ಊರು ಗುರಿಯಾಗಿತ್ತು. ಕಾಶ್ಮೀರದಲ್ಲಿ ಹುಟ್ಟಿ ಅಲ್ಲೇ ವ್ಯಾಕರಣ, ಅಲಂಕಾರ ಕಲಿತ ಬಿಲ್ಹಣ ಮನೆ ಬಿಟ್ಟು ಮಥುರೆ, ಕನೌಜು, ಪ್ರಯಾಗ, ಕಾಶಿಗಳನ್ನು ಸುತ್ತಿ, ಗುಜರಾತನ್ನು ಹಾದು, ಕೊನೆಗೆ ಕಲ್ಯಾಣಕ್ಕೆ ಬಂದು ಆಸ್ಥಾನದ ವಿದ್ಯಾಪತಿಯಾದ. ಆ ಅಲೆದಾಟದ ಕಥೆಯನ್ನು ‘ವಿಕ್ರಮಾಂಕದೇವಚರಿತ’ದ ಕೊನೆಯ ಸರ್ಗದಲ್ಲಿ ಅವನೇ ಹೇಳಿಕೊಂಡಿದ್ದಾನೆ.

ಹುಡುಗ ಯಾವಾಗ ದೊಡ್ಡವನಾದ ಎಂಬ ಪ್ರಶ್ನೆಯನ್ನು ಕಾನೂನಿನ ಕಣ್ಣಿನಿಂದ ಎತ್ತಿಕೊಂಡ ಗ್ರಂಥವೂ ಇದೇ ಊರಿನದು. ವಿಜ್ಞಾನೇಶ್ವರ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದುಕೊಂಡು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರ’. ಬಂಗಾಳ, ಅಸ್ಸಾಂ ಬಿಟ್ಟು ಉಳಿದ ಭಾರತದ ಬಹುಭಾಗದಲ್ಲಿ ಹಿಂದೂ ಆಸ್ತಿಹಕ್ಕಿನ ನಿರ್ಣಯಗಳಿಗೆ 20ನೆಯ ಶತಮಾನದವರೆಗೂ ಇದೇ ಆಧಾರವಾಗಿತ್ತು. ನಾರದಸ್ಮೃತಿಯ ಮಾತನ್ನು ಎತ್ತಿಕೊಂಡು ಮಿತಾಕ್ಷರ ವಯಸ್ಸನ್ನು ವಿಂಗಡಿಸುತ್ತದೆ: ಎಂಟು ವರ್ಷದವರೆಗಿನ ಮಗು ಗರ್ಭದಲ್ಲಿರುವ ಶಿಶುವಿಗೆ ಸಮಾನ, ಹದಿನಾರರವರೆಗೆ ಬಾಲಕ, ಅದರಾಚೆ ವ್ಯವಹಾರ ಬಲ್ಲವನು. ಆದರೆ ಹದಿನಾರು ತುಂಬಿದೊಡನೆ ಹುಡುಗ ಪೂರ್ತಿ ಸ್ವತಂತ್ರನಾಗುವುದಿಲ್ಲ, ತಂದೆತಾಯಿ ಬದುಕಿರುವವರೆಗೆ ಅವರ ಮಾತಿಗೆ ಒಳಗಾದವನೇ. ವ್ಯವಹಾರದ ವಯಸ್ಸು ಬರುವ ಮೊದಲೇ ಹೆತ್ತವರನ್ನು ಕಳೆದುಕೊಂಡವನ ಮೇಲೆ ಸಾಲದ ಹೊರೆ ಬೀಳಕೂಡದು ಎಂಬ ರಕ್ಷಣೆಯೂ ಇದೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲಿದೆ ಎಂದು ವಿಜ್ಞಾನೇಶ್ವರ ಸಾಧಿಸಿದ. ಹಕ್ಕು ತೊಟ್ಟಿಲಲ್ಲೇ ಸಿಕ್ಕರೂ ಹೊಣೆ ನಿಧಾನವಾಗಿ, ಹೊರಲು ಆಗುವಷ್ಟೇ ಹೆಗಲೇರಬೇಕು ಎಂಬ ತಿಳಿವಳಿಕೆ ಈ ಏರ್ಪಾಟಿನ ಹಿಂದಿದೆ. 1875ರ ಭಾರತೀಯ ವಯಸ್ಕತ್ವ ಕಾಯ್ದೆ ಹದಿನೆಂಟನ್ನು ಗೆರೆಯಾಗಿ ಎಳೆದ ಮೇಲೆ ಆ ಮೆಟ್ಟಿಲುಗಳು ಕಾನೂನಿನಲ್ಲಿ ಹೆಚ್ಚು ಉಳಿಯಲಿಲ್ಲ.

ಕಸುಬು ಕಲಿಯಲು ಹೋದ ಹುಡುಗನ ವಿಷಯದಲ್ಲಿ ಸ್ಮೃತಿಗಳು ಇನ್ನೂ ಸ್ಪಷ್ಟ. ಒಪ್ಪಿಕೊಂಡ ಅವಧಿ ಮುಗಿಯುವವರೆಗೆ ಅವನು ಗುರುವಿನ ಮನೆಯಲ್ಲೇ ಇರಬೇಕು. ಬೇಗ ಕಲಿತನೆಂದು ನಡುವೆ ಬಿಟ್ಟು ಹೋಗುವಂತಿಲ್ಲ. ಊಟ ಗುರುವಿನದು, ಕೆಲಸದ ಫಲವೂ ಅವನದೇ. ಪ್ರತಿಯಾಗಿ ಗುರು ಅವನನ್ನು ಮಗನಂತೆ ನಡೆಸಿಕೊಳ್ಳಬೇಕು, ಕಸುಬಿನ ಹೊರತು ಬೇರೆ ಚಾಕರಿ ಮಾಡಿಸಬಾರದು ಎಂದು ನಾರದಸ್ಮೃತಿ ಕಟ್ಟು ಹಾಕುತ್ತದೆ. ಅರಮನೆಯ ಮಕ್ಕಳಿಗೂ ಸಲುಗೆ ಇರಲಿಲ್ಲ. ಮೂರನೆಯ ಸೋಮೇಶ್ವರನ (1126–1138) ‘ಮಾನಸೋಲ್ಲಾಸ’ ರಾಜಕುಮಾರರ ಶಿಕ್ಷಣವನ್ನು ವಿವರಿಸಿ, ಕಲಿತದ್ದನ್ನು ದೊರೆಯೇ ಪರೀಕ್ಷಿಸಬೇಕೆನ್ನುತ್ತದೆ. ಇದೆಲ್ಲ ಗಂಡುಮಕ್ಕಳಿಗೆ, ಅದರಲ್ಲೂ ಮೇಲಿನವರ ಮಕ್ಕಳಿಗೆ ಸಂದ ಮಾತು. ಹೆಣ್ಣುಮಕ್ಕಳಿಗೆ ತೌರುಮನೆಯಿಂದ ಅತ್ತೆಮನೆಗೆ ಹೋಗುವ ದಾರಿಯೊಂದೇ ತೆರೆದಿತ್ತು.

ಹೆಣ್ಣುಮಕ್ಕಳಿಗೂ ಕೆಳಗಿನವರ ಮಕ್ಕಳಿಗೂ ಮುಚ್ಚಿದ್ದ ಬಾಗಿಲನ್ನು ತೆರೆದವರು ಬಸವಣ್ಣ ಮತ್ತು ಅವನ ಜೊತೆಗಿದ್ದ ಶರಣರು. ಬಸವಣ್ಣನ ಬದುಕೇ ಈ ದಾಟುವಿಕೆಯ ಕಥೆ. ಉಪನಯನವನ್ನು ಒಲ್ಲೆನೆಂದು ಬಾಗೇವಾಡಿಯ ಮನೆ ಬಿಟ್ಟ ಬಾಲಕನಿಗೆ ಕೂಡಲಸಂಗಮ ಆಸರೆಯಾಯಿತು. ಅಲ್ಲಿ ಓದಿ ಬೆಳೆದ ಮೇಲೆ ಮಂಗಳವೇಡೆಯಲ್ಲಿ ಕಲಚುರಿ ಬಿಜ್ಜಳನ ಕೈಕೆಳಗೆ ಕರಣಿಕನ ಕೆಲಸಕ್ಕೆ ಸೇರಿದ. ಕಲ್ಯಾಣದ ಹಿರಿಯ ಹುದ್ದೆ ಬಂದದ್ದು ಆಮೇಲೆ. ಮನೆ ಬಿಟ್ಟ ಹುಡುಗನಿಗೆ ಏನು ಬೇಕೆಂಬುದನ್ನು ತನ್ನ ಮೈಮೇಲೆ ಅರಿತವನು ಕಟ್ಟಿದ ಕೂಟ ಅದಾದ್ದರಿಂದಲೇ ಇರಬೇಕು, ಕಲ್ಯಾಣಕ್ಕೆ ಬಂದವರನ್ನು ಮೊದಲು ಉಣ್ಣಿಸಿ, ಆಮೇಲೆ ಕೆಲಸಕ್ಕೆ ಹಚ್ಚಿ, ಜೊತೆಜೊತೆಗೇ ಪ್ರಶ್ನೆ ಕೇಳುವ ಪದ್ಧತಿ ಅಲ್ಲಿ ಬೆಳೆಯಿತು. ದಾಸೋಹ, ಕಾಯಕ, ಅನುಭಾವಗೋಷ್ಠಿ ಈ ಮೂರೂ ಕೂಡಿಯೇ ನಡೆದವು. ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಹೆಸರಿನ ಗವಿ ಇಂದಿಗೂ ಬಸವಕಲ್ಯಾಣದಲ್ಲಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದ ಪ್ರಸಂಗ ಶರಣ ಸಾಹಿತ್ಯದಲ್ಲಿ ಪ್ರಸಿದ್ಧ. ಕೈಕೆಲಸ ಬಲ್ಲವನು ಯಾರ ಮುಂದೆಯೂ ಕುಗ್ಗಬೇಕಿಲ್ಲ, ಇಂದಿನದು ಇಂದಿಗೆ ಸಾಕು ಎಂಬ ಧೈರ್ಯವನ್ನು ಇಂಥ ಮನೆಗಳು ಉಪದೇಶವಿಲ್ಲದೆ ಕಲಿಸಿದವು.

ತರುಣಿಯೊಬ್ಬಳನ್ನು ಆ ಕೂಟ ಬರಮಾಡಿಕೊಂಡ ರೀತಿಯನ್ನು 15ನೆಯ ಶತಮಾನದಲ್ಲಿ ರೂಪುಗೊಂಡ ‘ಶೂನ್ಯಸಂಪಾದನೆ’ ವಿಸ್ತಾರವಾಗಿ ಹೇಳುತ್ತದೆ. ಉಡುತಡಿಯಿಂದ ಅರಮನೆಯ ಬದುಕನ್ನು ತೊರೆದು ಒಂಟಿಯಾಗಿ ನಡೆದುಬಂದ ಮಹಾದೇವಿಯನ್ನು ಕೂಟದ ಹಿರಿಯ ಅಲ್ಲಮಪ್ರಭು ತಡೆದು ನಿಲ್ಲಿಸಿ ಕೇಳುತ್ತಾನೆ. ಗಂಡ ಯಾರೆಂದು ಕೇಳುತ್ತಾನೆ, ಉಡುಗೆ ಬಿಟ್ಟೂ ಕೂದಲಿನಿಂದ ಮೈ ಮರೆಸಿಕೊಂಡದ್ದೇಕೆ ಎಂದು ಕೇಳುತ್ತಾನೆ. ಪ್ರಶ್ನೆಗಳು ಮೃದುವಾಗಿಲ್ಲ. ಆದರೆ ಅವಳ ಉತ್ತರಕ್ಕೆ ಕಿವಿ ಇತ್ತು. ಉತ್ತರ ಗಟ್ಟಿಯಾದಂತೆಲ್ಲ ಗೌರವ ಹೆಚ್ಚಿತು. ಕೊನೆಗೆ ಹಿರಿಯರೇ ಅವಳನ್ನು ಅಕ್ಕ ಎಂದರು. ಹರೆಯದವರನ್ನು ನೋಯಿಸಬಾರದೆಂದು ಏನನ್ನೂ ಕೇಳದಿರುವುದೂ, ಅವರ ಮಾತಿಗೆ ಬೆಲೆ ಕೊಡದೆ ಬರೀ ಗದರುವುದೂ ಅಲ್ಲದ ಮೂರನೆಯ ದಾರಿ ಇದು. ಚೆನ್ನಬಸವಣ್ಣನ ವಿಷಯದಲ್ಲೂ ಹೀಗೆಯೇ. ಬಸವಣ್ಣನ ಸೋದರಳಿಯನಾದ ಈ ಕಿರಿಯನನ್ನು ಅಲ್ಲಮನ ನಂತರ ಕೂಟದ ಹಿರಿತನದ ಗದ್ದುಗೆಯಾದ ಶೂನ್ಯಪೀಠದಲ್ಲಿ ಕೂರಿಸಲು ವಯಸ್ಸು ಅಡ್ಡ ಬರಲಿಲ್ಲ. 1167–68ರ ಹೊತ್ತಿಗೆ ಬಿಜ್ಜಳನ ಕೊಲೆಯಾಗಿ ಕಲ್ಯಾಣ ಹೊತ್ತಿ ಉರಿದಾಗ, ವಚನದ ಕಟ್ಟುಗಳೊಂದಿಗೆ ಉಳವಿಯತ್ತ ಹೊರಟ ಶರಣರ ಗುಂಪಿಗೆ ಮುಂದಾಳಾದವನು ಅವನೇ ಎಂದು ಪರಂಪರೆ ನಂಬುತ್ತದೆ.

ಮುಂದಿನ ಶತಮಾನಗಳಲ್ಲಿ ಆಡಳಿತದ ಕೇಂದ್ರ ಬೀದರಿಗೆ ಸರಿಯಿತು. ಬಹಮನಿಗಳ ವಜೀರ ಮಹಮೂದ್ ಗವಾನ್ 1472ರಲ್ಲಿ ಅಲ್ಲಿ ಕಟ್ಟಿಸಿದ ಮೂರಂತಸ್ತಿನ ಮದರಸಾದಲ್ಲಿ ಪಾಠದ ಸಾಲೆ, ಗ್ರಂಥಾಲಯ, ಮಸೀದಿಗಳ ಜೊತೆ ಗುರುಗಳಿಗೂ ವಿದ್ಯಾರ್ಥಿಗಳಿಗೂ ಕೋಣೆಗಳಿದ್ದವು. ದೂರದಿಂದ ಬಂದ ಹುಡುಗ ಕಲಿಸುವವನ ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದ ಕಟ್ಟಡ ಅದು. 1696ರ ಸ್ಫೋಟದಲ್ಲಿ ಅದರ ಒಂದು ಭಾಗ ಕುಸಿದುಬಿತ್ತು.

ಹುಮನಾಬಾದಿನ ಪಕ್ಕದ ಮಾಣಿಕನಗರದ ಹುಟ್ಟಿನಲ್ಲೂ ಮನೆ ಬಿಟ್ಟ ಹುಡುಗನೊಬ್ಬನಿದ್ದಾನೆ. ಅದನ್ನು ನೆಲೆಗೊಳಿಸಿದ ಮಾಣಿಕಪ್ರಭುಗಳು 1817ರಲ್ಲಿ ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿದರು. ತಂದೆ ತೀರಿಕೊಂಡ ಮೇಲೆ ಕಲ್ಯಾಣಿ ನವಾಬರ ಕೈಕೆಳಗೆ ಕೆಲಸದಲ್ಲಿದ್ದ ಸೋದರಮಾವ ಅವರನ್ನು ಸಾಕಿದರು, ಸುಂಕದ ನಾಕೆಯಲ್ಲಿ ನೌಕರಿಯನ್ನೂ ಕೊಡಿಸಿದರು ಎಂದು ಮಾಣಿಕಪ್ರಭು ಸಂಸ್ಥಾನದ ಚರಿತ್ರೆಗಳು ಹೇಳುತ್ತವೆ. ಓದಿನಲ್ಲಿ ಮನಸ್ಸಿಲ್ಲ, ನೌಕರಿಯಲ್ಲಿ ನಿಲ್ಲುವುದಿಲ್ಲ ಎಂದು ಮಾವ ಬೈದ ದಿನ ತರುಣ ಮಾಣಿಕ ಮನೆಯಿಂದ ಹೊರಬಿದ್ದರು. ಹಲವು ವರ್ಷ ಅಲೆದು, 1845ರಲ್ಲಿ ಹುಮನಾಬಾದಿನ ಹೊರವಲಯದಲ್ಲಿ ನೆಲೆ ನಿಂತರು. ಎಲ್ಲ ಮತಗಳೂ ಸಮ್ಮತವೆಂಬ ಸಕಲಮತ ಸಂಪ್ರದಾಯ ಅಲ್ಲಿ ಬೆಳೆಯಿತು. ಕನ್ನಡ, ಮರಾಠಿ, ಹಿಂದುಸ್ತಾನಿ ಮೂರರಲ್ಲೂ ಪದಗಳು ಹುಟ್ಟಿದವು. ಹಿಂದೂ ಮುಸ್ಲಿಂ ಭೇದವಿಲ್ಲದೆ ಬಂದವರಿಗೆ ಊಟ ಸಿಗುವ, ಸಂಗೀತ ಮತ್ತು ವಿದ್ಯೆಗೆ ಆಶ್ರಯ ಸಿಗುವ ಜಾಗವಾಗಿ ಮಾಣಿಕನಗರ ಹೆಸರಾಯಿತು.

ಸಂಸ್ಥಾನ, ಮಠಗಳ ಬಾಗಿಲು ದೂರವಾದವರಿಗೆ ವಾರಾನ್ನವಿತ್ತು. ಕನ್ನಡ ಮರಾಠಿ ಎರಡೂ ಸೀಮೆಗಳಲ್ಲಿ ಹಬ್ಬಿದ್ದ ಈ ಪದ್ಧತಿಯಲ್ಲಿ ಓದುವ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳಲ್ಲಿ ಉಣ್ಣುತ್ತಿದ್ದ. ಬಡವರ ಮಕ್ಕಳು ಇದರಿಂದ ಓದಿದರು ಎಂಬುದು ನಿಜ. ಆದರೆ ಅದು ಜಾತಿಯ ಗೋಡೆಯೊಳಗಿನ ಕರುಣೆಯಾಗಿತ್ತು, ಕೆಳಗಿನವರೆಂದು ದೂರವಿಟ್ಟವರ ಮಕ್ಕಳಿಗೆ ಅದರಲ್ಲಿ ಪಾಲಿರಲಿಲ್ಲ. ಪಾಲು ಸಿಕ್ಕವರಿಗೂ ಪರರ ಹೊಸ್ತಿಲಲ್ಲಿ ಕಾಯುವ ಸಂಕೋಚ ಬಿಡಲಿಲ್ಲ. ಮಠಗಳ ಉಚಿತ ಪ್ರಸಾದ ನಿಲಯ ಬಂದು ಎಲ್ಲರ ತಟ್ಟೆಯನ್ನೂ ಒಂದೇ ಸಾಲಿನಲ್ಲಿ ಇಟ್ಟದ್ದು ಈ ಕಾರಣಕ್ಕೆ ಬಹು ದೊಡ್ಡ ಹೆಜ್ಜೆ.

ನಿಜಾಮರ ಕಾಲದಲ್ಲಿ ಕಲ್ಯಾಣಿ ಜಹಗೀರಿನ ಹುಡುಗನಿಗೆ ಓದು ಎರಡು ಬಗೆಯಲ್ಲಿ ಪರದೇಶವಾಗಿತ್ತು. 1884ರಲ್ಲಿ ಉರ್ದು ಆಡಳಿತ ಭಾಷೆಯಾದ ಮೇಲೆ, ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ಮಗು ಶಾಲೆಯಲ್ಲಿ ಬೇರೆ ನುಡಿಗೆ ಒಗ್ಗಿಕೊಳ್ಳಬೇಕಾಯಿತು. ಮೇಲಿನ ಓದು ಬೇಕೆಂದರೆ ದೂರದ ಹೈದರಾಬಾದಿಗೇ ಹೋಗಬೇಕು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. 1938ರಲ್ಲಿ ಅಲ್ಲಿಯ ಹಾಸ್ಟೆಲಿನಲ್ಲಿ ‘ವಂದೇ ಮಾತರಂ’ ಹಾಡಿದ್ದಕ್ಕೆ ವಿದ್ಯಾರ್ಥಿಗಳನ್ನು ಹೊರಹಾಕಿದಾಗ ಅವರಲ್ಲಿ ಅನೇಕರು ನಾಗಪುರ ವಿಶ್ವವಿದ್ಯಾಲಯಕ್ಕೆ ಹೋಗಿ ಓದು ಮುಂದುವರಿಸಿದರು.

ಇಂಥ ಹೊತ್ತಿನಲ್ಲಿ ಪಕ್ಕದ ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಮಾಡಿದ ಕೆಲಸಕ್ಕೆ ಈ ಭಾಗದಲ್ಲಿ ಸಾಟಿ ಇಲ್ಲ. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂದು ಬೀದರ್ ಜಿಲ್ಲೆಯ ಮನೆಮನೆಯಲ್ಲಿ ಹೇಳುತ್ತಾರೆ. ಶಾಲೆಯ ಜೊತೆಗೇ ಅವರು ಪ್ರಸಾದ ನಿಲಯ ನಡೆಸಿದರು, ಜಾತಿ ಕೇಳದೆ ಮಕ್ಕಳನ್ನು ಇಟ್ಟುಕೊಂಡರು, ಅವರ ಊಟಕ್ಕೆ ಹಳ್ಳಿಹಳ್ಳಿ ತಿರುಗಿ ಜೋಳ ಬೇಡಿ ತಂದರು. ಸ್ವಾಮಿಗಳೇ ಜೋಳಿಗೆ ಹಿಡಿದದ್ದನ್ನು ಕಂಡ ಹುಡುಗನಿಗೆ ತನ್ನ ಬಡತನ ನಾಚಿಕೆಯ ಸಂಗತಿಯಾಗಿ ಉಳಿಯಲಿಲ್ಲ. 1999ರಲ್ಲಿ, ನೂರು ವರ್ಷ ದಾಟಿದ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಬಸವಕಲ್ಯಾಣದಲ್ಲಿ, ಶರಣರ ಗೋಷ್ಠಿ ನಡೆದ ಅನುಭವ ಮಂಟಪದ ನೆನಪನ್ನು ಮತ್ತೆ ಎತ್ತಿ ನಿಲ್ಲಿಸಿದ್ದರಲ್ಲೂ ಅವರ ಕೈಯಿದೆ.

ನಿಜಾಮರು ಭಾರತಕ್ಕೆ ಸೇರಲೊಪ್ಪದ 1947 ಮತ್ತು 48ರಲ್ಲಿ ಈ ಎಲ್ಲ ಆಸರೆಗಳೂ ಒಮ್ಮೆಲೇ ಕುಸಿದವು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಕರೆಗೆ ಓಗೊಟ್ಟು ವಿದ್ಯಾರ್ಥಿಗಳು ಓದು ಬಿಟ್ಟು ಗಡಿ ಶಿಬಿರಗಳಿಗೆ ಸೇರಿದರು. ನಿಜಾಮರ ಪರವಾದ ರಜಾಕಾರರ ಪಡೆಯ ಹಾವಳಿಗೆ ಹೆದರಿ ಕುಟುಂಬಗಳು ಸೊಲ್ಲಾಪುರದ ಕಡೆ ಗುಳೆ ಹೋದವು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ ಹತ್ಯಾಕಾಂಡ ನಡೆಯಿತು. ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತದ ಒಕ್ಕೂಟಕ್ಕೆ ಸೇರಿದ ಮೇಲೆ ನಡೆದ ಹಿಂಸೆಯಲ್ಲಿ ಇದೇ ಸೀಮೆಯ ಮುಸ್ಲಿಂ ಕುಟುಂಬಗಳು ಹಿರಿಯರನ್ನು ಕಳೆದುಕೊಂಡವು. ಎರಡೂ ಕಡೆಯ ಒಂದು ಪೀಳಿಗೆ ಹರೆಯವನ್ನು ಕಾಣದೆಯೇ ಸಂಸಾರದ ನೊಗಕ್ಕೆ ಹೆಗಲು ಕೊಟ್ಟಿತು. ಅವರಲ್ಲಿ ಓದಿಗೆ ಮರಳಲಾಗದವರ ಕಥೆ ಈ ಪ್ರದೇಶದ ಚರಿತ್ರೆಯಲ್ಲಿ ಇನ್ನೂ ಸರಿಯಾಗಿ ದಾಖಲಾಗಿಲ್ಲ.

1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಬಂತು, ಕಲ್ಯಾಣಿ ಬಸವಕಲ್ಯಾಣವಾಯಿತು. 1958ರಲ್ಲಿ ಮಹಾದೇವಪ್ಪ ರಾಂಪೂರೆಯವರ ಮುಂದಾಳುತನದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿ ಕಲಬುರಗಿಯಲ್ಲಿ ಎಂಜಿನಿಯರಿಂಗ್, ಆಮೇಲೆ ವೈದ್ಯಕೀಯ ಕಾಲೇಜು ತೆರೆಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು. ಅದೇ ದಶಕದಲ್ಲಿ ಬೀದರ್, ಭಾಲ್ಕಿಗಳಲ್ಲೂ ಎಂಜಿನಿಯರಿಂಗ್ ಓದು ಸಾಧ್ಯವಾಯಿತು. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಹಾಸ್ಟೆಲುಗಳು, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಹೆಣ್ಣುಮಕ್ಕಳಿಗಾಗಿ 2004ರಿಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ವಾರಾನ್ನಕ್ಕೂ ಮಠಕ್ಕೂ ನಿಲುಕದವರನ್ನು ತಲುಪಿದವು. ಮನೆಯ ಮೊದಲ ಪದವೀಧರರಲ್ಲಿ ಅನೇಕರು ಈ ಹಾಸ್ಟೆಲುಗಳ ಅನ್ನ ಉಂಡವರು. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಸರ್ಕಾರಿ ಬಸ್ಸಿನಲ್ಲಿ ಕಲಬುರಗಿಯ ಕೋಣೆಗೆ ಹೋಗಿ, ಖಾಲಿ ಡಬ್ಬಿ ಮರಳಿ ಬರುವ ರೂಢಿಯೂ ಬೆಳೆಯಿತು.

2012ರಲ್ಲಿ ಸಂಸತ್ತು ಒಪ್ಪಿದ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371 ಜೆ ವಿಧಿ ಸೇರಿತು. 2013ರ ನಿಯಮಗಳಂತೆ ಹೈದರಾಬಾದ್ ಕರ್ನಾಟಕ ಪ್ರದೇಶದ ವೃತ್ತಿಶಿಕ್ಷಣ ಸೀಟುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಇಲ್ಲಿಯವರಿಗೆ ಮೀಸಲಾದವು. 2017ರ ಅಕ್ಟೋಬರಿನಲ್ಲಿ ಹುಮನಾಬಾದ್ ಮೂಲಕ ಹಾಯುವ ಬೀದರ್–ಕಲಬುರಗಿ ರೈಲುಮಾರ್ಗ ಪೂರ್ತಿಯಾಯಿತು. ಬೆಂಗಳೂರು, ಮೈಸೂರುಗಳ ಕಾಲೇಜಿಗೆ ಹೋಗುವುದು ಈಗ ಹಿಂದಿನಷ್ಟು ಕಷ್ಟವಲ್ಲ. ಅಲ್ಲಿ ಕನ್ನಡ ಮಾಧ್ಯಮದ ಹುಡುಗನಿಗೆ ಇಂಗ್ಲಿಷಿನ ಪಾಠ, ಊರಿನ ಮಾತಿಗೆ ನಗುವ ಸಹಪಾಠಿಗಳು, ಮೊದಲ ಸೆಮಿಸ್ಟರಿನ ಸೋಲು ಎದುರಾಗುತ್ತವೆ. ಉರ್ದು ಶಾಲೆಯ ಬಾಗಿಲಲ್ಲಿ ನಿಂತ ಅಜ್ಜನ ಕಷ್ಟಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ. ಅಂತರವಿರುವುದು ಆಸರೆಯಲ್ಲಿ. ಪ್ರಸಾದ ನಿಲಯದಲ್ಲಿ ಊಟದ ಸಾಲಿನಲ್ಲೇ ಯಾರು ಉಣ್ಣಲಿಲ್ಲ, ಯಾರ ಮುಖ ಬಾಡಿದೆ ಎಂದು ನೋಡುವ ಹಿರಿಯರಿದ್ದರು. ಬಾಡಿಗೆಯ ಪಿಜಿ ಕೋಣೆಯಲ್ಲಿ ಹಾಗೆ ನೋಡುವವರಿಲ್ಲ, ಮಕ್ಕಳು ಕಿಕ್ಕಿರಿದ ಹಾಸ್ಟೆಲಿನ ವಾರ್ಡನ್ನರಿಗೆ ಲೆಕ್ಕಪತ್ರದ ನಡುವೆ ಪುರುಸೊತ್ತಿಲ್ಲ.

ಈ ಕೊರತೆಯನ್ನು ತುಂಬುವ ದಾರಿಗಳಿಲ್ಲದಿಲ್ಲ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳು ಹದಿಹರೆಯದವರ ಮಾತು ಕೇಳಲೆಂದೇ ಇವೆ. ಕಲಬುರಗಿ, ಬೀದರ್, ಬೆಂಗಳೂರುಗಳಲ್ಲಿ ನೆಲೆ ನಿಂತ ಬಸವಕಲ್ಯಾಣ, ಹುಮನಾಬಾದಿನ ಹಿರಿಯರು ತಮ್ಮೂರಿನಿಂದ ಹೊಸದಾಗಿ ಬಂದ ಮಕ್ಕಳನ್ನು ಮೊದಲ ವರ್ಷವಾದರೂ ಆಗಾಗ ಮನೆಗೆ ಕರೆದು ಊಟಕ್ಕೆ ಕೂರಿಸಿಕೊಳ್ಳಲಿ, ಓದು ಹೇಗಿದೆ ಎಂದು ಬಿಡಿಸಿ ಕೇಳಲಿ. ರಾತ್ರಿಯ ಹೊತ್ತು ಯಾರೂ ಸಿಗದೆ ಮನಸ್ಸು ಭಾರವಾದವರಿಗೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯಿದೆ. 14416ಕ್ಕೆ ಕರೆ ಮಾಡಿದರೆ ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಉಚಿತವಾಗಿ ಮಾತಾಡಬಹುದು.