ಕೊಂಬು ಬೆಳೆಯುವ ತನಕ ಕಾಯುವವರು ಯಾರು?

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸೆಪ್ಟೆಂಬರ್ ಬಂತೆಂದರೆ ಎಲ್ಕ್ ಬೇಟೆಯ ಸಂಭ್ರಮ. ಎಲ್ಕ್ ನಮ್ಮ ಕಡವೆಗಿಂತ ದೊಡ್ಡ ಜಿಂಕೆ, ಕಾಶ್ಮೀರದ ಹಂಗುಲ್‌ಗೆ ಹತ್ತಿರದ ಬಂಧು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಟ್ಟಿದ ನಮ್ಮಂಥವರಿಗೆ ಸರ್ಕಾರವೇ ಪರವಾನಗಿ ಕೊಟ್ಟು ಬೇಟೆಗೆ ಕಳಿಸುವುದೇ ಸೋಜಿಗ. ಅಲ್ಲಿಯ ಜಗಳವಂತೂ ಇನ್ನೂ ಸೋಜಿಗದ್ದು. ಸಾವಿರಾರು ಜನ ಪ್ರತಿ ವರ್ಷ ಕಾಡಿಗೆ ಹೋಗಿ ಸಾಧಾರಣ ಕೊಂಬಿನ ಪ್ರಾಣಿ ಹೊಡೆಯಲೋ, ಅಥವಾ ಕೆಲವೇ ಜನ ಹೋಗಿ ಭಾರಿ ಕೊಂಬಿನ ಹಳೆಯ ಗಂಡನ್ನು ಹೊಡೆಯಲೋ?

ಈ ಪ್ರಶ್ನೆ ಏಳಲು ಮೊದಲು ಎಲ್ಕ್ ಉಳಿಯಬೇಕಿತ್ತು. ಬಿಳಿಯರು ಬರುವ ಮುನ್ನ ಉತ್ತರ ಅಮೆರಿಕದಲ್ಲಿ ಸುಮಾರು ಒಂದು ಕೋಟಿ ಎಲ್ಕ್‌ಗಳಿದ್ದವೆಂಬುದು ಅಂದಾಜು. 1900ರ ಸುಮಾರಿಗೆ ಅವು ಲಕ್ಷಕ್ಕಿಂತ ಕೆಳಗಿಳಿದಿದ್ದವು. ಮಾಂಸಕ್ಕೆ, ಚರ್ಮಕ್ಕೆ, ಕೊನೆಗೆ ಗಡಿಯಾರದ ಸರಪಣಿಗೆ ತೂಗುಹಾಕುವ ಹಲ್ಲಿಗಾಗಿಯೂ ಅವನ್ನು ಕೊಂದರು. ಥಿಯೋಡೋರ್ ರೂಸ್‌ವೆಲ್ಟ್ 1887ರಲ್ಲಿ ಗೆಳೆಯರೊಡನೆ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕಟ್ಟಿದ್ದು ಈ ಸೂರೆಯನ್ನು ಕಂಡೇ. ಇಂದು ಬೇಟೆಗಾರರು ಮೀಸೆ ತಿರುವಿ ಹೇಳಿಕೊಳ್ಳುವ ಕೊಂಬಿನ ಅಳತೆ ಪದ್ಧತಿಯೂ ಈ ಕ್ಲಬ್ಬಿನದೇ. ಕಣ್ಮರೆಯಾಗುತ್ತಿದ್ದ ಪ್ರಾಣಿಗಳ ನೆನಪು ಉಳಿಸುವ ಉದ್ದೇಶದಿಂದ ಮೊದಲಾದ ದಾಖಲೆ, ಕ್ರಮೇಣ ಪೈಪೋಟಿಯ ಪಟ್ಟಿಯಾಯಿತು.

ಬೇಟೆ ನಿಲ್ಲಿಸಿ, ಯೆಲ್ಲೋಸ್ಟೋನ್ ಸೀಮೆಯ ಎಲ್ಕ್‌ಗಳನ್ನು ರೈಲಿನಲ್ಲಿ ಬೇರೆ ರಾಜ್ಯಗಳಿಗೆ ಒಯ್ದು ಬಿಟ್ಟರು. ಅರಿಜೋನಾಕ್ಕೆ ಹೀಗೆ ಅವು ಬಂದದ್ದು 1913ರಲ್ಲಿ. 1937ರ ಕಾನೂನಿನಂತೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಜೀವಿ ಕೆಲಸಕ್ಕೇ ಸಲ್ಲತೊಡಗಿತು. ಅದಕ್ಕೆ ಪರವಾನಗಿ ಶುಲ್ಕವೂ ಸೇರುತ್ತದೆ. ಎಂದರೆ ಎಲ್ಕ್ ಕಾಯುವ ಇಲಾಖೆಯ ಖಜಾನೆ ತುಂಬುವವನು ಬೇಟೆಗಾರನೇ. ಅವನನ್ನು ಮನೆಯಲ್ಲಿ ಕೂರಿಸಿದರೆ ಖಜಾನೆಯೂ ಬರಿದು.

ಇನ್ನು ಕೊಂಬಿನ ಲೆಕ್ಕ. ಗಂಡು ಎಲ್ಕ್‌ನ ಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುತ್ತದೆ. ಒಂದೂವರೆ ವರ್ಷದ ಗಂಡಿಗೆ ಸಾಮಾನ್ಯವಾಗಿ ಕವಲಿಲ್ಲದ ಎರಡು ಕಡ್ಡಿಗಳಷ್ಟೇ. ಅದು ಪೂರ್ಣ ವೈಭವಕ್ಕೆ ಬರುವುದು ಎಂಟು, ಹತ್ತು ವರ್ಷದ ಪ್ರಾಯದಲ್ಲಿ. ಅಲ್ಲಿಯವರೆಗೆ ಯಾರೂ ಅದನ್ನು ಹೊಡೆಯಕೂಡದು. ಚಳಿ, ರೋಗ, ಸಿಂಹದಂಥ ಪ್ಯೂಮಾ ಇವುಗಳಿಗೆ ಸಿಕ್ಕಿ ಆ ನಡುವೆ ಸಾಯುವವು ಯಾವ ಬೇಟೆಗಾರನ ಪಾಲಿಗೂ ಇಲ್ಲ. ಒಂದು ಭಾರಿ ಕೊಂಬಿನ ಹಿಂದೆ ಬರಿಗೈಯಲ್ಲಿ ಉಳಿದ ಹಲವರಿದ್ದಾರೆ.

ಎರಡೂವರೆ ಲಕ್ಷಕ್ಕೂ ಮಿಕ್ಕಿ ಎಲ್ಕ್‌ಗಳಿರುವ ಕೊಲೊರಾಡೊ ದಶಕಗಳ ಕಾಲ ಬಾಗಿಲು ತೆರೆದಿಟ್ಟ ರಾಜ್ಯ. ಅದರ ಬಹುಭಾಗದಲ್ಲಿ, ಕೆಲವು ಋತುಗಳಿಗೆ, ಅಂಗಡಿಗೆ ಹೋಗಿ ದುಡ್ಡು ಕೊಟ್ಟವರಿಗೆಲ್ಲ ಪರವಾನಗಿ ಸಿಗುತ್ತಿತ್ತು. ಎಳೆಯ ಗಂಡುಗಳೇ ಹೆಚ್ಚಾಗಿ ಸಾಯುತ್ತಿದ್ದುದರಿಂದ, 1980ರ ದಶಕದ ಮಧ್ಯದಲ್ಲಿ ಅಲ್ಲಿ ಒಂದು ಕಟ್ಟಳೆ ಬಂತು: ಒಂದು ಕೊಂಬಿನಲ್ಲಿ ನಾಲ್ಕು ಕವಲಾದರೂ ಇರಬೇಕು, ಇಲ್ಲವೇ ಹುಬ್ಬಿನ ಬಳಿಯ ಕವಲು ಐದು ಇಂಚಾದರೂ ಇರಬೇಕು. ಒಂದು ವರ್ಷದವು ಬದುಕಿದವು, ನಿಜ. ಆದರೆ ಮರುವರ್ಷ ಕವಲೊಡೆದ ಕೂಡಲೇ ಗುಂಡಿಗೆ ಸಿಕ್ಕವು! ಹಿಂಡಿನಲ್ಲಿ ಗಂಡುಗಳ ಸಂಖ್ಯೆ ಏರಿತು, ವಯಸ್ಸು ಅಷ್ಟಾಗಿ ಏರಲಿಲ್ಲ.

ನೆರೆಯ ಯೂಟಾ ತದ್ವಿರುದ್ಧ ದಾರಿ ಹಿಡಿಯಿತು. ಅಲ್ಲಿ ಹಲವು ಪ್ರದೇಶಗಳಲ್ಲಿ ಸಾಮಾನ್ಯ ಬೇಟೆಗಾರನಿಗೆ ಸಿಗುವುದು ಕಡ್ಡಿ ಕೊಂಬಿನ ಎಳೆಯ ಗಂಡು ಮಾತ್ರ. ಬಲಿತದ್ದು ಬೇಕೆಂದರೆ ಚೀಟಿ ಎತ್ತಿಸಬೇಕು. ಹೊಡೆದ ಪ್ರಾಣಿಯ ಹಲ್ಲಿನ ಪದರಗಳನ್ನು ಎಣಿಸಿ ವಯಸ್ಸು ಕಂಡುಹಿಡಿದು, ಆಯಾ ಪ್ರದೇಶಕ್ಕೆ ಗೊತ್ತುಮಾಡಿದ ಸರಾಸರಿ ವಯಸ್ಸಿಗೆ ಹೊಂದುವಂತೆ ಚೀಟಿಗಳ ಸಂಖ್ಯೆ ನಿಗದಿಯಾಗುತ್ತದೆ. ಚೀಟಿ ಬಾರದವನಿಗೆ ಪ್ರತಿ ವರ್ಷ ಒಂದು ಅಂಕ. ಅಂಕ ಕೂಡಿದಂತೆ ಅದೃಷ್ಟ ಹತ್ತಿರವಾಗುತ್ತದೆಂಬ ಆಸೆ. ಆದರೆ ಚೀಟಿಗಿಂತ ಸರದಿಯೇ ಬೇಗ ಬೆಳೆಯುವಾಗ ಹತ್ತಿಪ್ಪತ್ತು ವರ್ಷ ಕಾದವರೂ ಇದ್ದಾರೆ.

ಸರದಿ ತಪ್ಪಿಸುವ ದಾರಿಯೂ ಉಂಟು, ಹರಾಜು. 2008ರಲ್ಲಿ ಯೂಟಾದ ಮನ್ರೋ ಬೆಟ್ಟದಲ್ಲಿ ಹೊಡೆದ ಎಲ್ಕ್‌ನ ಕೊಂಬು 478 ಇಂಚು ಮೀರಿ ವಿಶ್ವದಾಖಲೆಯೆನಿಸಿತು. ಹೊಡೆದಾತ ಆ ವಿಶೇಷ ಪರವಾನಗಿಗೆ ತೆತ್ತದ್ದು 1,50,000 ಡಾಲರ್. ಇಂಥ ಹಣ ಬಹುಪಾಲು ವನ್ಯಜೀವಿ ರಕ್ಷಣೆಗೇ ಹೋಗುತ್ತದೆಂಬುದು ಸಮರ್ಥಕರ ವಾದ. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಕಾಡುಪ್ರಾಣಿ ಜಮೀನ್ದಾರನ ಸ್ವತ್ತಲ್ಲ, ಪ್ರಜೆಗಳೆಲ್ಲರದು ಎಂದು ಯೂರೋಪಿನಿಂದ ಬೇರೆಯಾಗಿ ನಿಂತ ದೇಶವದು. ಹಳೆಯ ರಾಜರ ಬೇಟೆಯ ನೆರಳು ಅಲ್ಲಿಯೂ ಬಿದ್ದಿತಲ್ಲ ಎನಿಸುವುದು ಸಹಜ.

ಹಳೆಯ ಗಂಡುಗಳಿಂದ ಹಿಂಡಿಗೇ ಒಳ್ಳೆಯದೆಂದು ಕೊಂಬಿನ ಪಕ್ಷದವರು ಹೇಳುವುದುಂಟು. ಒರೆಗಾನ್‌ನ ಸ್ಟಾರ್ಕಿ ಪ್ರಯೋಗಾರಣ್ಯದಲ್ಲಿ 1989ರಿಂದ 1993ರವರೆಗೆ ಇದನ್ನು ಪರೀಕ್ಷಿಸಿದರು. ಒಂದು ವರ್ಷದ ಗಂಡುಗಳ ಬದಲು ಐದು ವರ್ಷದವು ಕೂಡಿದಾಗ ಹೆಣ್ಣುಗಳು ಸುಮಾರು ಎರಡು ವಾರ ಮುಂಚೆ ಗಬ್ಬವಾದವು. ಮರಿಗಳಿಗೆ ಚಳಿಗಾಲಕ್ಕೆ ಮುನ್ನ ಬಲಿಯಲು ಅಷ್ಟು ಹೆಚ್ಚಿನ ಸಮಯ. ಹಿಂಡಿಗೆ ಪ್ರಾಯದ ಗಂಡು ಬೇಕೆಂಬುದು ಇದರಿಂದ ಖಚಿತ. ಆದರೆ ಐದು ವರ್ಷದ್ದನ್ನು ಹತ್ತರವರೆಗೆ ಕಾಯಿಸುವುದು ಎಲ್ಕ್‌ನ ಅಗತ್ಯಕ್ಕಿಂತ ಗೋಡೆಯ ಅಗತ್ಯವೆಂದೇ ನನಗೆ ತೋರುತ್ತದೆ.

ಇತ್ತ ತೆರೆದ ಬಾಗಿಲಿನ ಕೊಲೊರಾಡೊಗೂ ಜನಜಂಗುಳಿ ಸಾಕಾಯಿತು. ತಮ್ಮ ಕಾಡಿನಲ್ಲಿ ಪರವೂರಿನವರದೇ ಗದ್ದಲವೆಂದು ಸ್ಥಳೀಯರು ವರ್ಷಗಟ್ಟಲೆ ದೂರಿದ ಮೇಲೆ, 2025ರಿಂದ ರಾಜ್ಯದ ಪಶ್ಚಿಮ ಭಾಗದಲ್ಲಿ ಹೊರಗಿನ ಬಿಲ್ಲುಗಾರರಿಗೆ ಅಂಗಡಿಯ ಪರವಾನಗಿ ನಿಂತಿತು. ಅವರೂ ಈಗ ಚೀಟಿಗೆ ಕಾಯಬೇಕು.